ಪ್ಯಾಲೆಸ್ತೀನ್ ಮತ್ತು ತೈವಾನ್ ವಲಸಿಗರ ಬದುಕನ್ನು ಹೋಲಿಸಿ ಪ್ರಾಜೆಕ್ಟ್ ಬರೆಯುವುದು ಹೇಗೆ

ಎಂ.ಎ. ಕೊನೆಯ ಸೆಮಿಸ್ಟರ್ ಹತ್ತಿರ ಬಂದಾಗ ಮಾನಸಗಂಗೋತ್ರಿಯ ಹುಡುಗ ಹುಡುಗಿಯರು ಪ್ರಾಜೆಕ್ಟ್‌ಗೆ ವಿಷಯ ಹುಡುಕಲು ಶುರು ಮಾಡುತ್ತಾರೆ. ಸಮಾಜಶಾಸ್ತ್ರ, ಅರ್ಥಶಾಸ್ತ್ರ ಓದುವವರಿಗೆ ನಾನು ಈ ಕೆಲಸದಲ್ಲಿ ಆದಷ್ಟು ಸಹಾಯ ಮಾಡುತ್ತಾ ಬಂದಿದ್ದೇನೆ. ಈಗೀಗ ವಲಸೆಯ ಬಗ್ಗೆ ಬರೆಯುವವರು ಜಾಸ್ತಿ. ಬರೆಯಲಿ, ಒಳ್ಳೆಯ ವಿಷಯ. ಆದರೆ ಎರಡು ಸಮುದಾಯ ಆರಿಸಿಕೊಂಡು, ಎರಡು ಕಾಲಂ ಎಳೆದು, ಆದಾಯ ಎಷ್ಟು, ಪದವಿ ಎಷ್ಟು ಜನಕ್ಕಿದೆ, ಬಡವರು ಎಷ್ಟು ಅಂತ ತುಂಬಿಸಿ, ಕೊನೆಯಲ್ಲಿ 'ತೈವಾನ್‌ನವರು ಓದಿಗೆ ಬೆಲೆ ಕೊಡುವವರು, ಅದಕ್ಕೇ ಮುಂದೆ ಬಂದರು. ಪ್ಯಾಲೆಸ್ತೀನಿಯರು ಹಿಂದುಳಿದರು' ಅಂತ ಷರಾ ಬರೆದು ಮುಗಿಸುತ್ತಾರೆ. ಇದು ಬರೀ ತಪ್ಪಲ್ಲ, ಅನ್ಯಾಯ. ಯಾರದೋ ಕಷ್ಟವನ್ನು ಅವರದೇ ಗುಣ ಅಂತ ಬರೆದಂತೆ.

ಮೊದಲು ಕೇಳಬೇಕಾದ್ದು ಯಾರ ಆದಾಯ ಎಷ್ಟು ಅಂತಲ್ಲ. ಊರಿನಿಂದ ಹೊರಟವರು ಯಾರು? ಯಾಕೆ ಹೊರಟರು? ಹೊರಡುವಾಗ ಕೈಯಲ್ಲಿ ಏನಿತ್ತು? ಹೋದ ದೇಶ ಅವರನ್ನು ಯಾವ ಕಾನೂನಿನಡಿ ಒಳಗೆ ಬಿಟ್ಟುಕೊಂಡಿತು? ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದ ಗದ್ದೆಯ ಇಳುವರಿಯನ್ನೂ ನಾಗಮಂಗಲದ ಮಳೆ ನಂಬಿದ ಹೊಲದ ಇಳುವರಿಯನ್ನೂ ಪಕ್ಕಪಕ್ಕ ಇಟ್ಟು, ನಾಲೆಯ ಸುದ್ದಿಯನ್ನೇ ಎತ್ತದೆ, ನಾಗಮಂಗಲದ ರೈತ ಸೋಮಾರಿ ಅಂದರೆ ಯಾರಾದರೂ ಒಪ್ಪುತ್ತಾರಾ?

ಯಾವ ದೇಶದಲ್ಲಿರುವವರು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

'ಪ್ಯಾಲೆಸ್ತೀನ್ ವಲಸಿಗರು' ಅಂತ ಒಟ್ಟಾಗಿ ಬರೆಯಲು ಹೊರಟರೆ ಮೊದಲ ಅಧ್ಯಾಯದಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಯಾಕೆ ಅಂತ ನಾಲ್ಕು ದೇಶ ನೋಡಿದರೆ ಗೊತ್ತಾಗುತ್ತದೆ.

ಚಿಲಿ ತಗೊಳ್ಳಿ. ಅರಬ್ ಜಗತ್ತಿನ ಹೊರಗೆ ಅತಿ ದೊಡ್ಡ ಪ್ಯಾಲೆಸ್ತೀನ್ ಸಮುದಾಯ ಇರುವುದು ಅಲ್ಲಿ. 19ನೇ ಶತಮಾನದ ಕೊನೆಯಿಂದಲೇ ಬೆತ್ಲೆಹೆಮ್, ಬೈತ್ ಜಾಲಾ, ಬೈತ್ ಸಾಹೂರ್ ಕಡೆಯ ಕ್ರೈಸ್ತ ಕುಟುಂಬಗಳು ಆಗ ಆ ನಾಡನ್ನು ಆಳುತ್ತಿದ್ದ ಒಟ್ಟೋಮನ್ ತುರ್ಕರ ಪಾಸ್‌ಪೋರ್ಟ್ ಹಿಡಿದು ಅಲ್ಲಿಗೆ ಹೋದವು. ಊರೂರು ತಿರುಗಿ ಸಾಮಾನು ಮಾರಿದರು, ಆಮೇಲೆ ಅಂಗಡಿ ಇಟ್ಟರು, ಆಮೇಲೆ ಜವಳಿ ಕಾರ್ಖಾನೆ ಕಟ್ಟಿದರು. 1920ರಲ್ಲಿ ಅವರು ಶುರು ಮಾಡಿದ ಪ್ಯಾಲೆಸ್ತಿನೊ ಫುಟ್‌ಬಾಲ್ ಕ್ಲಬ್ ಸ್ಯಾಂಟಿಯಾಗೊದಲ್ಲಿ ಇವತ್ತಿಗೂ ಇದೆ. ಮಧ್ಯ ಅಮೆರಿಕದಲ್ಲಿ ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ದೇಶಗಳಿಗೆ ಪ್ಯಾಲೆಸ್ತೀನ್ ಮೂಲದವರು ಅಧ್ಯಕ್ಷರೇ ಆಗಿದ್ದಾರೆ. ಕಾರ್ಲೋಸ್ ಫ್ಲೋರೆಸ್, ಆಂಟೊನಿಯೊ ಸಾಕಾ, ಈಗಿನ ನಯೀಬ್ ಬುಕೆಲೆ.

ಇನ್ನು ಲೆಬನಾನ್. 1948ರಲ್ಲಿ, ಇಸ್ರೇಲ್ ಹುಟ್ಟಿದ ಹೊತ್ತಿನ ಯುದ್ಧದಲ್ಲಿ, ಸುಮಾರು 7 ಲಕ್ಷ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡು ಹೊರಟರಲ್ಲ, ಅವರಲ್ಲಿ ಒಂದು ಭಾಗ ಉತ್ತರಕ್ಕೆ ನಡೆದು ಲೆಬನಾನ್ ಸೇರಿತು. ಮೊಮ್ಮಕ್ಕಳ ಕಾಲ ಬಂದರೂ ಹೆಚ್ಚಿನವರಿಗೆ ಪೌರತ್ವ ಇಲ್ಲ. ವಕೀಲಿಕೆ, ವೈದ್ಯಕೀಯ, ಎಂಜಿನಿಯರಿಂಗ್‌ನಂಥ ಕೆಲಸಗಳಿಗೆ ಬಾಗಿಲು ಮುಚ್ಚಿದೆ. 2001ರ ಕಾನೂನು ಬಂದ ಮೇಲೆ ಹೊಸದಾಗಿ ಮನೆ ಜಾಗ ಕೊಳ್ಳುವಂತೆಯೂ ಇಲ್ಲ. ಅದೇ ಜನ ಜೋರ್ಡಾನ್‌ಗೆ ಹೋದಾಗ ಬಹುಪಾಲು ಮಂದಿಗೆ ಪೌರತ್ವ ಸಿಕ್ಕಿತು. ವ್ಯಾಪಾರ, ಬ್ಯಾಂಕು, ಕಾಲೇಜು ಎಲ್ಲದರಲ್ಲೂ ಅವರಿದ್ದಾರೆ. ಆದರೆ ಜೋರ್ಡಾನ್‌ನಲ್ಲೇ ಇರುವ, 1967ರ ಇಸ್ರೇಲ್ ಯುದ್ಧದ ಹೊತ್ತಿಗೆ ಗಾಜಾದಿಂದ ಬಂದವರಿಗೆ ಆ ಪೌರತ್ವ ಇಲ್ಲ. ಒಂದೇ ದೇಶ, ಒಂದೇ ಮೂಲ, ಎರಡು ಥರದ ಬದುಕು.

ಕುವೈತ್‌ನದು ಇನ್ನೊಂದು ಕಥೆ. ತೈಲದ ದುಡ್ಡು ಬಂದ ಕಾಲದಲ್ಲಿ ಅಲ್ಲಿನ ಶಾಲೆ, ಆಸ್ಪತ್ರೆ, ಸರ್ಕಾರಿ ಕಚೇರಿ ನಡೆಸಿದವರಲ್ಲಿ ಓದಿದ ಪ್ಯಾಲೆಸ್ತೀನಿಯರು ಬಹಳ. 1990ರ ಹೊತ್ತಿಗೆ ಸುಮಾರು 4 ಲಕ್ಷ ಜನ ಅಲ್ಲಿದ್ದರು. ಇರಾಕ್ ಕುವೈತನ್ನು ಆಕ್ರಮಿಸಿತು, ಪ್ಯಾಲೆಸ್ತೀನ್ ವಿಮೋಚನಾ ಸಂಘಟನೆ ಸದ್ದಾಂ ಪರ ನಿಂತಿತು ಎಂಬ ಸಿಟ್ಟು ಎದ್ದಿತು, ಯುದ್ಧ ಮುಗಿದ ಮೇಲೆ ಬಹುತೇಕ ಎಲ್ಲರೂ ಜಾಗ ಖಾಲಿ ಮಾಡಬೇಕಾಯಿತು. ಆ ಪೈಕಿ ದೊಡ್ಡ ಪಾಲು ಜೋರ್ಡಾನ್‌ಗೆ ಹೋಯಿತು. ಮೂವತ್ತು ನಲವತ್ತು ವರ್ಷದ ದುಡಿಮೆಯನ್ನು ಬಿಟ್ಟು ಎದ್ದು ಹೋಗುವುದು ಅಂದರೆ ಏನು ಅಂತ ಯೋಚಿಸಿ. ಓದು ಇತ್ತು, ಕೌಶಲ ಇತ್ತು, ಸಂಬಳ ಇತ್ತು. ಇಲ್ಲದೇ ಇದ್ದದ್ದು ಅಲ್ಲೇ ಉಳಿಯುವ ಹಕ್ಕು ಮಾತ್ರ.

ತೈವಾನ್ ಕಡೆಯೂ ಗೆರೆ ಎಳೆದುಕೊಳ್ಳಿ. ದೇವನಹಳ್ಳಿಯ ಫಾಕ್ಸ್‌ಕಾನ್‌ಗೆ ಕೆಲಸದ ಮೇಲೆ ಬಂದುಹೋಗುವ ತೈವಾನ್ ಎಂಜಿನಿಯರ್‌ಗಳು ವಲಸೆ ಸಮುದಾಯ ಅಲ್ಲ. ಕಂಪನಿ ಕಳಿಸಿದೆ, ಮುಗಿದ ಮೇಲೆ ವಾಪಸ್ ಹೋಗುತ್ತಾರೆ. ಗಂಗೋತ್ರಿಯಲ್ಲಿ ಓದಲು ಬರುವ ಅರಬ್ ವಿದ್ಯಾರ್ಥಿಗಳ ವಿಷಯವೂ ಹಾಗೇ. ಅವರ ಜೊತೆ ಮಾತಾಡಿ, ತುಂಬಾ ಕಲಿಯಬಹುದು. ಆದರೆ ಅವರನ್ನು ನಿಮ್ಮ ಸ್ಯಾಂಪಲ್ ಅಂತ ಬರೆಯಬೇಡಿ.

ಎರಡೂ ಸಮುದಾಯ ಸಾಕಷ್ಟು ಸಂಖ್ಯೆಯಲ್ಲಿರುವ, ಅಂಕಿಅಂಶ ಬಿಟ್ಟಿಯಾಗಿ ಸಿಗುವ ಒಂದು ದೇಶ ಆರಿಸಿಕೊಳ್ಳಿ. ನಮ್ಮ ಹುಡುಗರಿಗೆ ನಾನು ಅಮೆರಿಕವನ್ನೇ ಹೇಳುವುದು. ಹಾಸ್ಟೆಲ್‌ನಲ್ಲಿ ಕೂತು ಮೊಬೈಲ್‌ನಲ್ಲೇ ಕೋಷ್ಟಕ ಇಳಿಸಿಕೊಳ್ಳಬಹುದು, ಒಂದು ಪೈಸೆ ಖರ್ಚಿಲ್ಲ.

ಬಂದ ದಾರಿ ಬರೆಯಿರಿ, ಇದಕ್ಕೆ ಪುಟ ಜಾಸ್ತಿ ಕೊಡಿ

ಇದೇ ನಿಮ್ಮ ಪ್ರಾಜೆಕ್ಟ್‌ನ ಜೀವ. ಅರ್ಧ ಪುಟದಲ್ಲಿ 'ಹಿನ್ನೆಲೆ' ಅಂತ ಮುಗಿಸಬೇಡಿ.

ತೈವಾನ್‌ನಿಂದ ಅಮೆರಿಕಕ್ಕೆ ದೊಡ್ಡ ಸಂಖ್ಯೆಯಲ್ಲಿ ಜನ ಹೋದದ್ದು 1965ರ ವಲಸೆ ಕಾನೂನಿನ ಆಮೇಲೆ. ಏಷ್ಯಾದವರಿಗೆ ಅಲ್ಲಿಯವರೆಗೆ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು. ಹೊಸ ಕಾನೂನು ಎರಡು ಥರದವರಿಗೆ ಆದ್ಯತೆ ಕೊಟ್ಟಿತು: ಅಲ್ಲಿ ಈಗಾಗಲೇ ಇರುವವರ ಹತ್ತಿರದ ನೆಂಟರು, ಮತ್ತು ಆ ದೇಶಕ್ಕೆ ಬೇಕಾದ ಕೌಶಲ ಇರುವವರು. ತೈವಾನ್‌ನ ವಿಜ್ಞಾನ, ಎಂಜಿನಿಯರಿಂಗ್ ಪದವೀಧರರು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಸ್ನಾತಕೋತ್ತರ ಓದಲು ಹೋದರು. 60 ಮತ್ತು 70ರ ದಶಕದಲ್ಲಿ ಹೀಗೆ ಹೋದವರಲ್ಲಿ ಬಹುಪಾಲು ಮಂದಿ ವಾಪಸ್ ಬರಲಿಲ್ಲ. ಗಮನಿಸಿ, ಇಲ್ಲಿ ಆಯ್ಕೆ ಎರಡು ಸಲ ನಡೆದಿದೆ. ತೈವಾನ್‌ನ ಪ್ರವೇಶ ಪರೀಕ್ಷೆಯಲ್ಲಿ ಒಂದು ಸಲ, ಅಮೆರಿಕದ ವೀಸಾದಲ್ಲಿ ಇನ್ನೊಂದು ಸಲ. ಹಾಗೆ ಸೋಸಿ ಉಳಿದವರಲ್ಲಿ ಪದವೀಧರರು ಜಾಸ್ತಿ ಇರುವುದರಲ್ಲಿ ಆಶ್ಚರ್ಯ ಏನಿದೆ?

ಅದರ ಹಿಂದೆ ಒಂದು ಸರ್ಕಾರವೂ ಇತ್ತು ಅನ್ನುವುದನ್ನು ಮರೆಯಬೇಡಿ. ತೈವಾನ್‌ನಲ್ಲಿ 1949ರಲ್ಲಿ ಗೇಣಿಯನ್ನು ಬೆಳೆಯ ಶೇ 37.5ಕ್ಕೆ ಇಳಿಸಿದರು, 1953ರಲ್ಲಿ ಉಳುವವನಿಗೇ ಭೂಮಿ ಕೊಟ್ಟರು. ದೇವರಾಜ ಅರಸರ ಊರಿನ ಕಡೆಯವರಾದ ನಮಗೆ ಇದು ಕೂಡಲೇ ಅರ್ಥವಾಗುತ್ತದೆ. 1968ರಿಂದ ಒಂಬತ್ತು ವರ್ಷದ ಉಚಿತ ಶಿಕ್ಷಣ ಬಂತು. 1982ರಿಂದ ಅಮೆರಿಕ ತೈವಾನ್‌ಗೆ ಚೀನಾದಿಂದ ಬೇರೆಯಾಗಿ ವರ್ಷಕ್ಕೆ 20,000 ವೀಸಾಗಳ ಸ್ವಂತ ಕೋಟಾ ಕೊಟ್ಟಿತು. ಇಷ್ಟೆಲ್ಲ ಆಸರೆಯ ಮೇಲೆ ನಿಂತ ಶ್ರಮ ಅದು. ಶ್ರಮ ಪಟ್ಟಿಲ್ಲ ಅಂತಲ್ಲ, ತುಂಬಾ ಪಟ್ಟಿದ್ದಾರೆ.

ಹಾಗಂತ ತೈವಾನ್‌ನವರೆಲ್ಲ ಸುಖವಾಗಿ, ಬರೀ ದುಡ್ಡಿಗಾಗಿ ಹೋದವರು ಅಂತಲೂ ಬರೆಯಬೇಡಿ. 1949ರಿಂದ 1987ರವರೆಗೆ ಅಲ್ಲಿ ಸೈನಿಕ ಕಾನೂನು ಇತ್ತು. ಸರ್ಕಾರದ ವಿರುದ್ಧ ಮಾತಾಡಿದವರನ್ನು ಕಪ್ಪುಪಟ್ಟಿಗೆ ಸೇರಿಸಿ ಊರಿಗೆ ಬರದಂತೆ ತಡೆಯುತ್ತಿದ್ದರು. ಆಗ ತೈವಾನ್ ಆಳುತ್ತಿದ್ದ ಚಿಯಾಂಗ್ ಕುಟುಂಬವನ್ನು ಟೀಕಿಸಿ ಬರೆದ ಹೆನ್ರಿ ಲಿಯು ಎಂಬ ಪತ್ರಕರ್ತರನ್ನು 1984ರಲ್ಲಿ ಕ್ಯಾಲಿಫೋರ್ನಿಯಾದ ಅವರ ಮನೆಯಲ್ಲೇ ಕೊಂದರು, ಕೊಲ್ಲಿಸಿದ್ದು ತೈವಾನ್‌ನ ಮಿಲಿಟರಿ ಗುಪ್ತಚರ ವಿಭಾಗದವರು. ಅಮ್ಮ ಸತ್ತರೂ ಊರಿಗೆ ಹೋಗಲಾಗದ ಸಂಕಟವನ್ನು ಯಾವ ಆದಾಯದ ಕೋಷ್ಟಕವೂ ತೋರಿಸುವುದಿಲ್ಲ.

ಈಗ ಅಮೆರಿಕದ ಪ್ಯಾಲೆಸ್ತೀನಿಯರು. ಇವರೂ ಒಂದೇ ಅಲೆಯಲ್ಲಿ ಬಂದವರಲ್ಲ. ಮೊದಲನೇ ಮಹಾಯುದ್ಧಕ್ಕೂ ಮುಂಚೆಯೇ ರಮಲ್ಲಾದಿಂದ ವ್ಯಾಪಾರಕ್ಕೆ ಹೋದವರಿದ್ದಾರೆ. ಆ ಊರಿನವರು 1959ರಲ್ಲಿ ತಮ್ಮದೇ ಒಂದು ಒಕ್ಕೂಟ ಕಟ್ಟಿಕೊಂಡರು. ಇಸ್ರೇಲ್ ವೆಸ್ಟ್ ಬ್ಯಾಂಕನ್ನು ಹಿಡಿದುಕೊಂಡ 1967ರ ಯುದ್ಧದ ಆಮೇಲೆ ಅಲ್ಲಿಂದ ಹೆಚ್ಚು ಜನ ಹೊರಟರು, ಬಹಳಷ್ಟು ಮಂದಿ ಕುಟುಂಬದ ವೀಸಾದಲ್ಲಿ, ಜೋರ್ಡಾನ್ ಪಾಸ್‌ಪೋರ್ಟ್ ಹಿಡಿದು. ಶಿಕಾಗೊ ಪಕ್ಕದ ಬ್ರಿಡ್ಜ್‌ವ್ಯೂ, ನ್ಯೂಜೆರ್ಸಿಯ ಪ್ಯಾಟರ್ಸನ್ ಅವರ ದೊಡ್ಡ ನೆಲೆಗಳು. ಅಣ್ಣನ ಅಂಗಡಿಗೆ ತಮ್ಮ ಬರುತ್ತಾನೆ, ಅವನ ಹಿಂದೆ ಭಾವಮೈದುನ ಬರುತ್ತಾನೆ. ಕುಟುಂಬದ ವೀಸಾ ಮಾರ್ಕ್ಸ್‌ಕಾರ್ಡ್ ಕೇಳುವುದಿಲ್ಲ, ಹಾಗಾಗಿ ಎಲ್ಲ ಥರದವರೂ ಬರುತ್ತಾರೆ. ಕೌಶಲದ ವೀಸಾದಲ್ಲಿ ಬಂದವರ ಜೊತೆ ಇವರನ್ನು ನೇರವಾಗಿ ತೂಗಿದರೆ ವೀಸಾ ವೀಸಾವನ್ನು ತೂಗಿದಂತಾಯಿತು ಅಷ್ಟೇ, ಜನರನ್ನಲ್ಲ.

ಇನ್ನೊಂದು ಸೂಕ್ಷ್ಮ ಇದೆ, ಗೈಡ್‌ಗಳು ಇದನ್ನು ಖಂಡಿತ ಕೇಳುತ್ತಾರೆ. 'ಪ್ಯಾಲೆಸ್ತೀನಿಯರು ನಿರಾಶ್ರಿತರು ಅಲ್ವಾ, ನಿರಾಶ್ರಿತರ ಯೋಜನೆಯಲ್ಲೇ ಅಮೆರಿಕಕ್ಕೆ ಹೋಗಿರಬೇಕಲ್ಲ?' ಹಾಗೆ ಹೋದವರು ಕಡಿಮೆ. 1951ರ ನಿರಾಶ್ರಿತರ ಒಪ್ಪಂದದ 1ಡಿ ಕಲಂ ಪ್ರಕಾರ, ವಿಶ್ವಸಂಸ್ಥೆಯ ಬೇರೊಂದು ಅಂಗಸಂಸ್ಥೆಯ ನೆರವು ಪಡೆಯುತ್ತಿರುವವರಿಗೆ ಆ ಒಪ್ಪಂದ ಅನ್ವಯಿಸುವುದಿಲ್ಲ. ಪ್ಯಾಲೆಸ್ತೀನಿಯರಿಗಾಗಿ 1949ರಲ್ಲೇ ಉನ್ರ್ವಾ ಎಂಬ ಬೇರೆ ಸಂಸ್ಥೆ ಹುಟ್ಟಿತ್ತು. ಅದು ಶಾಲೆ, ಆಸ್ಪತ್ರೆ, ರೇಷನ್ ನೋಡಿಕೊಳ್ಳುತ್ತದೆ. ಮೂರನೇ ದೇಶಕ್ಕೆ ಕಳಿಸಿ ನೆಲೆ ನಿಲ್ಲಿಸುವುದು ಅದರ ಕೆಲಸವಲ್ಲ. ಹೀಗಾಗಿ ಜಗತ್ತಿನ ಬೇರೆ ನಿರಾಶ್ರಿತರಿಗೆ ಇರುವ ದಾರಿ ಇವರಿಗೆ ಬಹುಮಟ್ಟಿಗೆ ಇಲ್ಲ.

ಆಸ್ತಿಯ ವಿಷಯಕ್ಕೂ ಒಂದು ಪ್ಯಾರಾ ಬೇಕೇ ಬೇಕು. ಆದಾಯ ಬೇರೆ, ಆಸ್ತಿ ಬೇರೆ. ಇಸ್ರೇಲ್ 1950ರಲ್ಲಿ ಗೈರುಹಾಜರಿದ್ದವರ ಆಸ್ತಿಯ ಕಾನೂನು ತಂದು, ಓಡಿಹೋದವರ ಮನೆ, ತೋಟ, ಅಂಗಡಿಗಳನ್ನು ಸರ್ಕಾರಿ ಉಸ್ತುವಾರಿಗೆ ತಗೊಂಡಿತು. ಮಾರಿ ದುಡ್ಡು ತರುವ ಮಾತೇ ಇಲ್ಲ. ತೈವಾನ್‌ನವರ ಸ್ಥಿತಿ ಪೂರ್ತಿ ಉಲ್ಟಾ. 1987ರಲ್ಲಿ ವಿದೇಶಿ ವಿನಿಮಯದ ಬಿಗಿ ಸಡಿಲವಾಯಿತು, ತೈಪೇಯಲ್ಲಿ ಮನೆಯ ಬೆಲೆ ಏರಿತ್ತು, ಅಲ್ಲಿ ಮಾರಿದ ದುಡ್ಡಲ್ಲಿ ಲಾಸ್ ಏಂಜಲೀಸ್ ಹತ್ತಿರದ ಮಾಂಟೆರಿ ಪಾರ್ಕ್ ಕಡೆ ಮನೆ ಕೊಳ್ಳಬಹುದಿತ್ತು. ಒಬ್ಬರು ಅಪ್ಪನ ಮನೆ ಮಾರಿ ಬಂದಿದ್ದಾರೆ, ಇನ್ನೊಬ್ಬರ ಅಪ್ಪನ ಮನೆಯಲ್ಲಿ ಬೇರೆಯವರಿದ್ದಾರೆ. ಇದನ್ನು ಬರೆಯದೆ ಬರೀ ತಿಂಗಳ ಸಂಬಳ ಬರೆದರೆ ಅರ್ಧ ಸತ್ಯ ಬರೆದಂತೆ.

ತಲೆ ಎಣಿಕೆಯಲ್ಲಿ ಹುಷಾರು

ಎರಡೂ ಸಮುದಾಯಗಳಿಗೆ ಅಮೆರಿಕದ ಗಣತಿಯ ಫಾರಂನಲ್ಲಿ ಸ್ವಂತ ಚೌಕ ಇಲ್ಲ. ತೈವಾನ್‌ನವರು 'ಚೈನೀಸ್' ಅಂತ ಗುರುತು ಹಾಕಬಹುದು, ಇಲ್ಲವೇ ಬೇರೆ ಏಷ್ಯನ್ ಅಂತ ಆರಿಸಿ ಕೈಯಲ್ಲಿ 'ತೈವಾನೀಸ್' ಎಂದು ಬರೆಯಬಹುದು. ಬರೆದವರು 2010ರಲ್ಲಿ ಸುಮಾರು 2 ಲಕ್ಷ 30 ಸಾವಿರ. ಬರೆಯದೇ ಚೀನೀಯರ ಲೆಕ್ಕಕ್ಕೆ ಸೇರಿಹೋದವರು ಬೇರೆ. ಪ್ಯಾಲೆಸ್ತೀನಿಯರದು ಇನ್ನೂ ಕಷ್ಟ. ಅರಬರನ್ನೆಲ್ಲ 'ಬಿಳಿಯರು' ಅಂತಲೇ ಎಣಿಸುತ್ತಿದ್ದರು. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಎಂಬ ಬೇರೆ ವರ್ಗಕ್ಕೆ ಒಪ್ಪಿಗೆ ಸಿಕ್ಕಿದ್ದು 2024ರ ಮಾರ್ಚ್‌ನಲ್ಲಿ. 2020ರ ಗಣತಿಯಲ್ಲಿ ಮೂಲವನ್ನು ಬರೆಯಲು ಜಾಗ ಕೊಟ್ಟಾಗ ಪ್ಯಾಲೆಸ್ತೀನಿಯನ್ ಅಂತ ಬರೆದವರು ಒಂದೂ ಮುಕ್ಕಾಲು ಲಕ್ಷದ ಆಸುಪಾಸು.

ಹುಟ್ಟಿದ ದೇಶದ ಕಾಲಂ ನಂಬಿ ಕೂರಬೇಡಿ. ಅದರಲ್ಲಿ ಒಬ್ಬರು ಜೋರ್ಡಾನ್ ಅಂತ, ಇನ್ನೊಬ್ಬರು ಕುವೈತ್, ಲೆಬನಾನ್, ಇಸ್ರೇಲ್ ಅಂತ ಬರೆದಿರುತ್ತಾರೆ. ಪೂರ್ವಜರ ಮೂಲ ಕೇಳುವ ಪ್ರಶ್ನೆಯ ಉತ್ತರ ತಗೊಳ್ಳಿ. ಅಮೆರಿಕನ್ ಕಮ್ಯುನಿಟಿ ಸರ್ವೆ ಅಂತ ಇದೆ, ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಹೋಗುತ್ತದೆ. ಸಮುದಾಯ ಚಿಕ್ಕದಾದಷ್ಟೂ ಒಂದು ವರ್ಷದ ಅಂಕಿ ಅಲ್ಲಾಡುತ್ತದೆ, ಹಾಗಾಗಿ ಐದು ವರ್ಷ ಸೇರಿಸಿದ್ದನ್ನೇ ಬಳಸಿ. ಅಂಕಿಯ ಪಕ್ಕದಲ್ಲಿ ಕೊಟ್ಟಿರುವ ದೋಷದ ಮಿತಿಯನ್ನೂ (ಅಂಕಿ ಎಷ್ಟು ಆಚೀಚೆ ಇರಬಹುದು ಅನ್ನುವುದು, ಮಾರ್ಜಿನ್ ಆಫ್ ಎರರ್) ಕೋಷ್ಟಕಕ್ಕೆ ಹಾಕಿ, ಅದನ್ನು ಬಿಟ್ಟುಬಿಡುವವರೇ ಜಾಸ್ತಿ. ಎಕ್ಸೆಲ್ ಚೆನ್ನಾಗಿ ಬರುವವರು ಮಿನ್ನೆಸೋಟ ವಿಶ್ವವಿದ್ಯಾಲಯದ ಇಪಮ್ಸ್ (IPUMS) ತಾಣದಲ್ಲಿ ಹೆಸರು ನೋಂದಾಯಿಸಿ ಒಬ್ಬೊಬ್ಬರ ಬಿಡಿ ದಾಖಲೆಗಳನ್ನೇ ಇಳಿಸಿಕೊಳ್ಳಬಹುದು. ಆಗ ಬಂದ ವರ್ಷ, ವಯಸ್ಸು, ಓದು ಎಲ್ಲವನ್ನೂ ನೀವೇ ಬೇರ್ಪಡಿಸಿ ನೋಡಬಹುದು.

ಹೋಲಿಸುವಾಗ ಸರಾಸರಿ ಬೇಡ, ಮೀಡಿಯನ್ ತಗೊಳ್ಳಿ, ಅಂದರೆ ಎಲ್ಲರನ್ನೂ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದಾಗ ಸರಿಯಾಗಿ ನಡುವೆ ಬರುವವರ ಅಂಕಿ. ಎನ್ವಿಡಿಯಾದ ಜೆನ್ಸನ್ ಹುವಾಂಗ್, ಯಾಹೂ ಕಟ್ಟಿದ ಜೆರ್ರಿ ಯಾಂಗ್ ಇಬ್ಬರೂ ತೈವಾನ್‌ನಲ್ಲಿ ಹುಟ್ಟಿದವರು. ಇಂಥವರು ನಾಲ್ಕೇ ಜನ ಇದ್ದರೂ ಸರಾಸರಿ ಎಲ್ಲಿಗೋ ಹಾರಿಬಿಡುತ್ತದೆ. ಮನೆಯ ಒಟ್ಟು ಆದಾಯ ನೋಡಿದರೆ ಆ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ, ಎಷ್ಟು ಜನ ದುಡಿಯುತ್ತಾರೆ ಅಂತಲೂ ನೋಡಿ. ಊರಿನ ಬಾಡಿಗೆ ನೋಡಿ. ಸಿಲಿಕಾನ್ ವ್ಯಾಲಿಯ ಒಂದು ಲಕ್ಷ ಡಾಲರ್ ಬೇರೆ, ಬ್ರಿಡ್ಜ್‌ವ್ಯೂನ ಒಂದು ಲಕ್ಷ ಡಾಲರ್ ಬೇರೆ. ತೈವಾನ್ ಮೂಲದ ವಯಸ್ಕರಲ್ಲಿ ನಾಲ್ವರಲ್ಲಿ ಮೂವರಷ್ಟು ಪದವೀಧರರಿದ್ದಾರೆ. ಹಾಗಾದರೆ ನ್ಯಾಯವಾದ ಹೋಲಿಕೆ ಯಾವುದು? ಪದವಿ ಇರುವ ಪ್ಯಾಲೆಸ್ತೀನಿಯರ ಜೊತೆ ಪದವಿ ಇರುವ ತೈವಾನೀಯರನ್ನು ಇಡಿ. ಇಂಥ ದಶಕದಲ್ಲಿ ಬಂದವರ ಜೊತೆ ಅದೇ ದಶಕದಲ್ಲಿ ಬಂದವರನ್ನು ಇಡಿ. ಎಷ್ಟು ಅಂತರ ಉಳಿಯಿತು ನೋಡಿ. ಉಳಿದ ಅಂತರದ ಬಗ್ಗೆ ಮಾತ್ರ ವಿವರಣೆ ಹುಡುಕಿ.

ಊರಿಗೆ ಕಳಿಸುವ ದುಡ್ಡು ಯಾವ ಕಾಲಂನಲ್ಲೂ ಇರುವುದಿಲ್ಲ. ನಿರಾಶ್ರಿತರ ಶಿಬಿರದಲ್ಲಿರುವ ಚಿಕ್ಕಪ್ಪನ ಔಷಧಿ, ತಂಗಿಯ ಫೀಸು ಎಲ್ಲ ಅದೇ ಸಂಬಳದಲ್ಲಿ ಹೋಗಬೇಕು.

ಬೈಲಕುಪ್ಪೆಗೆ ಒಮ್ಮೆ ಹೋಗಿ ಬನ್ನಿ

ಇದು ಕಡ್ಡಾಯ ಅಲ್ಲ, ಆದರೆ ಹೋಗಿ ಬಂದವರ ಬರವಣಿಗೆಯೇ ಬೇರೆ ಆಗುತ್ತದೆ. ನಮ್ಮದೇ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಟಿಬೆಟನ್ನರು 1960ರ ಸುಮಾರಿಗೆ ಬಂದು, ಆಗಿನ ಮೈಸೂರು ಸರ್ಕಾರ ಕೊಟ್ಟ ಜಾಗದಲ್ಲಿ ಕಾಡು ಕಡಿದು ಜೋಳ ಬೆಳೆದರು. ಚಿನ್ನದ ದೇವಸ್ಥಾನ ನೋಡಿ ಫೋಟೊ ತೆಗೆದುಕೊಂಡು ವಾಪಸ್ ಬರಬೇಡಿ. ಅಲ್ಲಿನ ಹಿರಿಯರ ಹತ್ತಿರ ಕೂತು, ಪೌರತ್ವದ ಬದಲು ವಿದೇಶಿಯರ ನೋಂದಣಿ ಪತ್ರದ ಮೇಲೆ ಬದುಕುವುದು ಹೇಗೆ, ಜಮೀನು ಯಾರ ಹೆಸರಲ್ಲಿದೆ, ಮಕ್ಕಳು ಓದಿದ ಮೇಲೆ ಎಲ್ಲಿಗೆ ಹೋದರು ಅಂತ ಕೇಳಿ. ಆದಾಯ ಎಷ್ಟು ಅಂತ ಮೊದಲೇ ಕೇಳಬೇಡಿ, ಮರ್ಯಾದೆ ಅಲ್ಲ. ಚಳಿಗಾಲದಲ್ಲಿ ಎಷ್ಟೋ ಮನೆಯವರು ಸ್ವೆಟರ್ ಮಾರಲು ಬೇರೆ ಊರುಗಳಿಗೆ ಹೋಗಿರುತ್ತಾರೆ, ಅದು ಬಿಟ್ಟು ಬೇರೆ ಕಾಲದಲ್ಲಿ ಹೋಗಿ. ಕಾಗದ ಒಂದು ಕುಟುಂಬದ ಹೊಟ್ಟೆಪಾಡನ್ನು ಹೇಗೆ ತಿರುಗಿಸುತ್ತದೆ ಅಂತ ಅಲ್ಲಿ ಕಿವಿಯಾರೆ ಕೇಳಿದ ಮೇಲೆ, ಲೆಬನಾನ್ ಬಗ್ಗೆ ಓದಿದ ಸಾಲು ನಿಮಗೆ ಬೇರೆ ಥರ ಕಾಣುತ್ತದೆ.

ಬರೆಯಲು ಕೂತಾಗ

ಮೊದಲ ಕೋಷ್ಟಕ ಆದಾಯದ್ದಾಗಿರಬಾರದು. ವರ್ಷ, ಘಟನೆ, ಕಾನೂನು, ಯಾರು ಹೊರಟರು ಅನ್ನುವ ನಾಲ್ಕು ಕಾಲಂನ ಕೋಷ್ಟಕ ಮೊದಲು ಬರಲಿ. ಎರಡನೆಯದು ಎಣಿಕೆ, ಅದರ ಕೆಳಗೆ ಯಾವ ಪ್ರಶ್ನೆಯಿಂದ ತೆಗೆದದ್ದು ಅಂತ ಒಂದು ಸಾಲು. ಆದಾಯ, ಓದು, ಉದ್ಯೋಗ, ಸ್ವಂತ ಮನೆ ಆಮೇಲೆ. 'ಸಂಸ್ಕೃತಿ' ಎಂಬ ಪದ ಕೈಗೆ ಬಂದಾಗಲೆಲ್ಲ ಪೆನ್ನು ಕೆಳಗಿಟ್ಟು, ಇದಕ್ಕೆ ವೀಸಾ, ಆಸ್ತಿ, ಬಂದ ವರ್ಷ ಇವುಗಳಲ್ಲಿ ಉತ್ತರ ಇದೆಯಾ ಅಂತ ಒಂದು ಸಲ ನೋಡಿ. ಪ್ಯಾಲೆಸ್ತೀನಿಯರು ಓದಿಗೆ ಬೆಲೆ ಕೊಡುವುದಿಲ್ಲ ಅಂತ ಯಾರಾದರೂ ವೈವಾದಲ್ಲಿ ಹೇಳಿದರೆ ಕುವೈತ್‌ನ ಶಾಲೆಗಳನ್ನು ನೆನಪಿಸಿ.

ಕೊನೆಯದಾಗಿ, ನಿಮ್ಮ ಅಂಕಿಗಳು ಯಾವ ವರ್ಷದವರೆಗಿನವು ಅನ್ನುವುದನ್ನು ಶೀರ್ಷಿಕೆಯಲ್ಲೇ ಹಾಕಿ. 2023ರ ಅಕ್ಟೋಬರ್ ನಂತರ ಗಾಜಾದಲ್ಲಿ ಆದದ್ದು, ಅಲ್ಲಿಂದ ಈಜಿಪ್ಟ್‌ಗೆ ದಾಟಿದವರು, ಬಂಧುಗಳನ್ನು ಕಳೆದುಕೊಂಡ ಅಮೆರಿಕದ ಮನೆಗಳು, ಇವು ಯಾವುದೂ ಹಳೆಯ ಐದು ವರ್ಷದ ಅಂಕಿಗಳಲ್ಲಿ ಸಿಗುವುದಿಲ್ಲ. 2018ರಿಂದ 2022ರವರೆಗಿನ ಕೋಷ್ಟಕ ಇಟ್ಟುಕೊಂಡು 'ಇಂದಿನ ಸ್ಥಿತಿಗತಿ' ಅಂತ ಹೆಸರಿಡಬೇಡಿ. ಆ ವರ್ಷಗಳನ್ನೇ ಬರೆಯಿರಿ.